ಒತ್ತಿದರೆ ನೆಟ್ಟಗಾಗುವ ಸೊಟ್ಟ ಬೆರಳು

ಚಾಮರಾಜನಗರ ಜಿಲ್ಲೆಯ ಪುಣಜನೂರಿನ ತನಿಖಾ ಠಾಣೆ ದಾಟಿದರೆ ರಸ್ತೆ ಕಾಡು ಹೊಕ್ಕು ದಿಂಬಂ ಘಟ್ಟದತ್ತ ಸಾಗುತ್ತದೆ. ಸುತ್ತಲ ಪೋಡುಗಳೆಂಬ ಹಾಡಿಗಳ ಸೋಲಿಗ ಬುಡಕಟ್ಟಿನವರಿಗೂ ಬಯಲಿನ ಹೊಲಗಳಲ್ಲಿ ದುಡಿಯುವ ಹೆಂಗಸರಿಗೂ ಕೈಯೇ ಬಂಡವಾಳ. ಕಳೆ ಕೀಳಬೇಕು, ಅರಿಶಿನ ಬಿಡಿಸಬೇಕು, ನೆಲ್ಲಿಕಾಯಿ ಆಯಬೇಕು. ಇಂಥ ಕೈಯ ಬೆರಳು ಸೊಟ್ಟಗಾದರೆ ಊರ ತೀರ್ಪು ಒಂದೇ: ವಾತ.

ಎಲ್ಲ ಸೊಟ್ಟ ಬೆರಳೂ ಒಂದೇ ಕಾಯಿಲೆಯದಲ್ಲ. ದೇಹದ ರಕ್ಷಣಾ ಪಡೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್‌ನಲ್ಲಿ ಹತ್ತರಲ್ಲಿ ಒಂಬತ್ತು ರೋಗಿಗಳು ಹೆಂಗಸರು, ಹೆಚ್ಚಿನವರು ಹೆರುವ ವಯಸ್ಸಿನವರು. ಕೀಲುನೋವು ಬಹುತೇಕ ಎಲ್ಲರಿಗೂ ಬರುತ್ತದೆ. ನೂರರಲ್ಲಿ ಸುಮಾರು ಐವರಿಗೆ ಮಾತ್ರ ಬೆರಳುಗಳು ಕಿರುಬೆರಳಿನ ಕಡೆಗೆ ವಾಲುತ್ತವೆ, ನಡುಗೆಣ್ಣು ಹಿಂದಕ್ಕೆ ಬಾಗುತ್ತದೆ, ಹೆಬ್ಬೆರಳು ಅಂಕುಡೊಂಕಾಗುತ್ತದೆ. ಇದಕ್ಕೆ ಜಾಕೂ ಕೀಲುಬೇನೆ ಎಂದು ಹೆಸರು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ವೈದ್ಯ ಜಾಕೂ ಇಂಥ ಕೈಯನ್ನು ಮೊದಲು ಕಂಡದ್ದು ರುಮ್ಯಾಟಿಕ್ ಜ್ವರದ ರೋಗಿಯಲ್ಲಿ. ಲೂಪಸ್‌ನ ನಂಟು ಗೊತ್ತಾದದ್ದು ಬಹಳ ತಡವಾಗಿ.

ರುಮಟಾಯ್ಡ್ ಸಂಧಿವಾತ ಮೂಳೆಯನ್ನೇ ತಿನ್ನುತ್ತದೆ. ಜಾಕೂ ಕೀಲುಬೇನೆಯಲ್ಲಿ ಸಾಮಾನ್ಯವಾಗಿ ಮೂಳೆಗೆ ಏನೂ ಆಗಿರುವುದಿಲ್ಲ. ಮತ್ತೆ ಮತ್ತೆ ಬರುವ ಉರಿಯೂತಕ್ಕೆ ಕೀಲಿನ ಚೀಲವೂ ಕಟ್ಟುಗಳೂ ಸಡಿಲವಾಗಿ, ಸ್ನಾಯುರಜ್ಜುಗಳು ಗೆಣ್ಣಿನ ಮೇಲಿಂದ ಪಕ್ಕಕ್ಕೆ ಜಾರುತ್ತವೆ. ಹಗ್ಗ ಸಡಿಲಿದ ಚಪ್ಪರದಂತೆ ಕಂಬ ಗಟ್ಟಿಯಾಗಿಯೇ ಇದೆ, ವಾಲಿದೆ ಅಷ್ಟೆ. ಅಂಗೈಯನ್ನು ಮೇಜಿನ ಮೇಲೆ ಒತ್ತಿದರೆ ಬೆರಳು ನೆಟ್ಟಗಾಗುತ್ತದೆ, ಎತ್ತಿದೊಡನೆ ಮತ್ತೆ ವಾಲುತ್ತದೆ. ವರ್ಷಗಳು ಉರುಳಿದರೆ ಕೆಲವರಲ್ಲಿ ಹಾಗೆಯೇ ಸೆಟೆದು ನಿಲ್ಲುವುದೂ ಉಂಟು.

ಎಡವಟ್ಟಾಗುವುದು ಎಕ್ಸರೆಯಲ್ಲಿ. ಮೂಳೆ ಸ್ವಚ್ಛವಾಗಿ ಕಾಣುವುದರಿಂದ ‘ಏನೂ ಇಲ್ಲ’ ಎಂದು ಕಳಿಸಿಬಿಡುವ ಅಪಾಯವಿದೆ. ಹೀಗೆ ವಾಲಿದ ಬೆರಳಲ್ಲಿ ನೋವೂ ಅಷ್ಟಾಗಿ ಇರದ ಕಾರಣ ಹೂ ಕಟ್ಟಲು, ಗುಂಡಿ ಹಾಕಲು ಪರದಾಡುವ ಹೆಂಗಸೂ ಸುಮ್ಮನಾಗುತ್ತಾಳೆ.

ಲೂಪಸ್‌ನ ಬುನಾದಿ ಮದ್ದು ಹೈಡ್ರಾಕ್ಸಿಕ್ಲೋರೋಕ್ವಿನ್ ಮೂಲದಲ್ಲಿ ಮಲೇರಿಯಾದ ಮಾತ್ರೆ. ಅದರ ಹಿರಿಯಜ್ಜ ಕ್ವಿನೈನ್. ಆ ಕ್ವಿನೈನ್‌ಗಾಗಿ ಬ್ರಿಟಿಷರು 1860ರ ದಶಕದಲ್ಲಿ ಸಿಂಕೋನಾ ಬೆಳೆಸಿದ್ದು ಗುಂಡ್ಲುಪೇಟೆಯಾಚೆಗಿನ ನೀಲಗಿರಿಯಲ್ಲೇ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು ಕಣ್ಣಿನ ತಪಾಸಣೆ ಮಾಡಿಸುತ್ತಿರಬೇಕು. ಬೆರಳಿಗೆ ಪಟ್ಟಿ, ವ್ಯಾಯಾಮ ನೆರವಾಗುತ್ತವೆ. ಜಾರಿದ ರಜ್ಜುವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದರೂ ಅದು ಮತ್ತೆ ಜಾರಬಹುದು.

ಬಿಸಿಲು ಲೂಪಸ್ ಕೆರಳಿಸುತ್ತದೆ. ಆದರೆ ‘ಬಿಸಿಲಿಗೆ ಹೋಗಬೇಡಿ’ ಎಂಬುದು ನನ್ನ ಪಾಲಿಗೆ ಪಟ್ಟಣದ ಚೀಟಿ. ಕೂಲಿಯವಳಿಗೆ ಅದನ್ನು ಪಾಲಿಸಲು ಆಗದು. ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ, ಹೊತ್ತೇರುವ ಮೊದಲೇ ಕೆಲಸ ಎಂದರೆ ಸಾಧ್ಯವಾದೀತು.

ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಬೆರಳು ತೋರಿಸಲು ಹೋದವರು ಲೂಪಸ್ ಪತ್ತೆಗೆ ನೆರವಾಗುವ ರಕ್ತದ ಎಎನ್‌ಎ ಪರೀಕ್ಷೆಯ ಜೊತೆಗೆ ಮೂತ್ರದ ಪರೀಕ್ಷೆಯನ್ನೂ ಕೇಳಬೇಕು. ಲೂಪಸ್ ಮೂತ್ರಪಿಂಡಕ್ಕೆ ಇಳಿದಾಗ ನೋವು ಕೊಡುವುದಿಲ್ಲ. ಮೂತ್ರದಲ್ಲಿ ಸೋರುವ ಪ್ರೋಟೀನೇ ಮೊದಲು ಸುಳಿವು ಕೊಡುವುದು.