ಸಬ್‌ನಾಟಿಕಾ ಗೇಮ್‌ನ ಕಡಲು ಎಷ್ಟು ನಿಜ, ಎಷ್ಟು ಸುಳ್ಳು?

ಹೋದ ತಿಂಗಳು ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಮಬ್ಬು ನೀರು, ಎಲ್ಲೋ ದೂರದಲ್ಲಿ ಘರ್ಜನೆ. ನೋಡನೋಡುತ್ತಿದ್ದಂತೆ ಹಾವಿನಂಥ ಉದ್ದನೆಯ ಪ್ರಾಣಿಯೊಂದು ಬಾಯಿಯ ಸುತ್ತಲಿನ ನಾಲ್ಕು ಕೊಂಡಿಗಳನ್ನು ಅಗಲಿಸಿಕೊಂಡು ಕ್ಯಾಮೆರಾದ ಮೇಲೆ ಎರಗಿತು. ಕೆಳಗೆ ‘ಸಮುದ್ರದ ಆಳದಲ್ಲಿ ಸಿಕ್ಕ ದೈತ್ಯ, ಎಲ್ಲರಿಗೂ ಕಳಿಸಿ’ ಎಂದಿತ್ತು. ಆರನೇ ಕ್ಲಾಸಿನಲ್ಲಿರುವ ಅಕ್ಕನ ಮಗ ಮರುಕ್ಷಣವೇ ಬರೆದ: ‘ಮಾಮ, ಅದು ರೀಪರ್ ಲೆವಿಯಾಥನ್. ಸಬ್‌ನಾಟಿಕಾ ಗೇಮ್‌ದು.’

ಫಾರ್ವರ್ಡ್ ಸುಳ್ಳು ಎಂದು ಹುಡುಗ ಹಿಡಿದದ್ದು ಖುಷಿಯಾಯಿತು. ಆದರೆ ಅವನ ಮುಂದಿನ ಮಾತು ಕೇಳಿ ಗಾಬರಿಯಾಯಿತು. ‘ಗೇಮ್‌ನಲ್ಲಿ 45 ಸೆಕೆಂಡ್ ಉಸಿರು ಇರುತ್ತೆ. ನಾನು ಸ್ವಿಮ್ಮಿಂಗ್ ಪೂಲ್‌ನಲ್ಲಿ ಒಂದು ನಿಮಿಷಕ್ಕೆ ಪ್ರಾಕ್ಟೀಸ್ ಮಾಡ್ತಾ ಇದೀನಿ!’

ಹಾಗಾಗಿ ಈ ಆಟವನ್ನು ಕೂತು ಆಡಿದೆ. ಅಮೆರಿಕದ ಅನ್‌ನೋನ್ ವರ್ಲ್ಡ್ಸ್ ಕಂಪನಿ ಇದನ್ನು 2014ರ ಕೊನೆಯಲ್ಲಿ ಅರ್ಧ ಸಿದ್ಧವಾಗಿದ್ದಾಗಲೇ ಹೊರಬಿಟ್ಟು, 2018ರಲ್ಲಿ ಪೂರ್ತಿಗೊಳಿಸಿತು. 2025ರಲ್ಲಿ ಮೊಬೈಲ್‌ಗೂ ಬಂತು. ಕಥೆ ಸರಳ. ಎಲ್ಲೆಲ್ಲೂ ನೀರೇ ಇರುವ 4546ಬಿ ಎಂಬ ಕಾಲ್ಪನಿಕ ಗ್ರಹದಲ್ಲಿ ಅರೋರಾ ಎಂಬ ಹಡಗು ಬಿದ್ದಿದೆ, ನೀವು ಬದುಕುಳಿದಿದ್ದೀರಿ. ಅನ್ನ, ನೀರು, ಗಾಳಿ ಮೂರನ್ನೂ ನೀವೇ ಹೊಂದಿಸಿಕೊಂಡು ಇನ್ನೂ ಆಳಕ್ಕೆ, ಇನ್ನೂ ಆಳಕ್ಕೆ ಇಳಿಯಬೇಕು.

ಮೊದಲು ಹೊಗಳಿಕೆ. ಆಟದಲ್ಲಿ ಕೊಲ್ಲುವ ಬಂದೂಕು ಇಲ್ಲ. 2012ರಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದ ಮೇಲೆ, ಬಂದೂಕಿಲ್ಲದ ಆಟವನ್ನೇ ಮಾಡಬೇಕೆಂದು ಹೊರಟಿದ್ದಾಗಿ ಅದರ ನಿರ್ದೇಶಕ ಚಾರ್ಲಿ ಕ್ಲೀವ್‌ಲ್ಯಾಂಡ್ ಹೇಳಿಕೊಂಡಿದ್ದಾರೆ. ಕೈಯಲ್ಲೊಂದು ಚಾಕು ಇರುತ್ತದೆ, ಆದರೆ ದೊಡ್ಡ ಪ್ರಾಣಿ ಎದುರಾದರೆ ಓಡುವುದೇ ದಾರಿ. ದಾರಿ ತೋರಿಸುವ ನಕ್ಷೆಯೂ ಇಲ್ಲ. ಹವಳ ಎಲ್ಲಿ ಮುಗಿಯಿತು, ಕಡಲಕಳೆಯ ಕಾಡು ಎಲ್ಲಿ ಶುರುವಾಯಿತು ಎಂದು ನೀವೇ ನೆನಪಿಡಬೇಕು. ಎರಡು ದಿನ ಆಡಿದರೆ ಆ ನೀರು ನಿಮ್ಮ ಊರಿನ ಬೀದಿಯಷ್ಟು ಪರಿಚಯವಾಗುತ್ತದೆ. ನನಗೆ ಬೇರಾವ ಆಟದಲ್ಲೂ ಹೀಗಾಗಿಲ್ಲ.

ಕಡಲಿನ ವಿಜ್ಞಾನವೂ ಬಹಳಷ್ಟು ಸರಿಯಾಗಿದೆ. ಆಳಕ್ಕೆ ಹೋದಂತೆ ಬೆಳಕು ಸಾಯುತ್ತದೆ, ಪ್ರಾಣಿಗಳು ತಾವೇ ಮಿನುಗತೊಡಗುತ್ತವೆ. ಇದು ಕಟ್ಟುಕಥೆಯಲ್ಲ. ನಮ್ಮ ಭೂಮಿಯ ಕಡಲಲ್ಲೂ 200 ಮೀಟರ್ ದಾಟಿದರೆ ಮುಸ್ಸಂಜೆಯ ಬೆಳಕು, 1000 ಮೀಟರ್ ದಾಟಿದರೆ ಬಿಸಿಲು ಸೋಕದ ಕಗ್ಗತ್ತಲು. ಅಲ್ಲಿನ ಹೆಚ್ಚಿನ ಜೀವಿಗಳು ತಮ್ಮ ಬೆಳಕನ್ನು ತಾವೇ ಹೊತ್ತಿಸಿಕೊಳ್ಳುತ್ತವೆ. ಆಟದಲ್ಲಿ ನೀರಿನ ಕೆಳಗೆ ಮತ್ತೊಂದು ನದಿ ಹರಿಯುವುದನ್ನು ನೋಡಿ ‘ಇದಂತೂ ಬುರುಡೆ’ ಅನ್ನಿಸಬಹುದು. ಆದರೆ ಮೆಕ್ಸಿಕೋ ಕೊಲ್ಲಿಯ ತಳದಲ್ಲಿ ಅತಿ ಉಪ್ಪಾದ, ಭಾರವಾದ ನೀರು ಸುತ್ತಲಿನ ನೀರಿನೊಂದಿಗೆ ಬೆರೆಯದೆ ಕೆರೆಗಳಂತೆ ನಿಂತಿದೆ. ದಡವೂ ಕಾಣುತ್ತದೆ. ಒಳಗೆ ಬಿದ್ದ ಏಡಿ, ಮೀನು ಸಾಯುತ್ತವೆ. ತಳದಿಂದ ಬಿಸಿನೀರು ಉಕ್ಕುವ ಚಿಮಣಿಗಳೂ ನಿಜ. 1977ರಲ್ಲಿ ಗಲಾಪಗೋಸ್ ಬಳಿ ಆಲ್ವಿನ್ ಎಂಬ ನೌಕೆಯಲ್ಲಿ ಇಳಿದವರು ಬಿಸಿನೀರಿನ ಬುಗ್ಗೆಗಳನ್ನೂ ಅದರ ಸುತ್ತ ಬದುಕುವ ಜೀವಿಗಳನ್ನೂ ಕಣ್ಣಾರೆ ಕಂಡರು.

ಆಟವಾಗಿ ನೋಡಿದರೆ ಕೊರತೆಗಳು ಚಿಕ್ಕವು. ವೇಗವಾಗಿ ಹೋದಾಗ ಎದುರಿನ ಬಂಡೆ ತಡವಾಗಿ ಮೂಡುತ್ತದೆ, ಸಾಮಾನು ಇಡಲು ಜಾಗ ಸಾಲದೆ ಹತ್ತು ಸಲ ಹಿಂದಕ್ಕೆ ಓಡಾಡಬೇಕು, ಮುಂದೇನು ಮಾಡಬೇಕೆಂದು ಕೆಲವೊಮ್ಮೆ ತಿಳಿಯುವುದೇ ಇಲ್ಲ. ಇವೆಲ್ಲ ಸಹಿಸಬಹುದು.

ನನ್ನ ತಕರಾರು ಬೇರೆ. ಕಡಲನ್ನು ಇಷ್ಟು ಚೆನ್ನಾಗಿ ತೋರಿಸುವ ಆಟ, ಆ ಕಡಲಿಗೆ ಇಳಿಯುವ ಮನುಷ್ಯನ ದೇಹದ ಬಗ್ಗೆ ಬಹುತೇಕ ಎಲ್ಲವನ್ನೂ ತಪ್ಪಾಗಿ ಹೇಳುತ್ತದೆ.

ಆಟದಲ್ಲಿ ಸೀಮಾತ್ ಎಂಬ ಪುಟ್ಟ ನೌಕೆ 200 ಮೀಟರ್ ದಾಟಿದರೆ ಬಿರುಕು ಬಿಡುತ್ತದೆ. ಆದರೆ ಅದರಿಂದ ಇಳಿದು ಈಜುವ ಮನುಷ್ಯನಿಗೆ ಏನೂ ಆಗುವುದಿಲ್ಲ! ನಿಜದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಹವ್ಯಾಸಕ್ಕೆ ಸ್ಕೂಬಾ ಮಾಡುವವರಿಗೆ 40 ಮೀಟರೇ ಗಡಿ. ನೌಕೆಯೂ ಹಾಗೆ ನಿಧಾನವಾಗಿ ಬಿರುಕು ಬಿಟ್ಟು, ಹೊರಗೆ ಬಂದು ವೆಲ್ಡಿಂಗ್ ಮಾಡುವಷ್ಟು ಸಮಯ ಕೊಡುವುದಿಲ್ಲ. 2023ರ ಜೂನ್‌ನಲ್ಲಿ ಟೈಟಾನಿಕ್ ನೋಡಲು ಹೋದ ಟೈಟನ್ ಕಣ್ಣು ಮಿಟುಕಿಸುವುದರೊಳಗೆ ಅಪ್ಪಚ್ಚಿಯಾಗಿ ಐವರೂ ಸತ್ತರು.

ಇನ್ನೊಂದು, ಮೇಲಕ್ಕೆ ಬರುವುದು. ಆಟದಲ್ಲಿ ಉಸಿರು ಮುಗಿಯುತ್ತಾ ಬಂದರೆ ಬಾಣದಂತೆ ಮೇಲೆ ಚಿಮ್ಮುತ್ತೀರಿ. ಆಳದಲ್ಲಿ ಉಸಿರಾಡಿದವರ ರಕ್ತ, ಮಾಂಸದಲ್ಲಿ ನೈಟ್ರೋಜನ್ ಕರಗಿರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತಟ್ಟನೆ ತೆಗೆದಾಗ ಗುಳ್ಳೆಗಳೇಳುತ್ತವಲ್ಲ, ತಟ್ಟನೆ ಮೇಲೆ ಬಂದರೆ ದೇಹದೊಳಗೂ ಅದೇ ಆಗುತ್ತದೆ. ಕೀಲುನೋವಿನಿಂದ ಪಾರ್ಶ್ವವಾಯು, ಸಾವಿನವರೆಗೂ ಹೋಗಬಹುದು. ಈಜಿಪ್ಟಿನ ಅಹ್ಮದ್ ಗಬ್ರ್ 2014ರಲ್ಲಿ ಕೆಂಪು ಸಮುದ್ರದಲ್ಲಿ 332 ಮೀಟರ್ ಇಳಿದು ಸ್ಕೂಬಾ ದಾಖಲೆ ಮಾಡಿದರು. ಇಳಿಯಲು ಹಿಡಿದದ್ದು ಸುಮಾರು ಕಾಲು ಗಂಟೆ. ಹತ್ತಿ ಬರಲು 13 ಗಂಟೆಗೂ ಹೆಚ್ಚು.

ಬೆನ್ನಿಗಿರುವುದು ‘ಆಕ್ಸಿಜನ್ ಸಿಲಿಂಡರ್’ ಎಂದು ಆಟವೂ ಹೇಳುತ್ತದೆ, ನಾವೂ ಹಾಗೇ ಹೇಳುತ್ತೇವೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆ ಹೋದರೆ ನಿಮ್ಮ ಬೆನ್ನಿಗೆ ಕಟ್ಟುವುದು ಸಾಮಾನ್ಯವಾಗಿ ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ 6 ಮೀಟರ್ ಆಚೆ ವಿಷದಂತೆ, ನೀರಲ್ಲೇ ಫಿಟ್ಸ್ ತರಿಸಬಲ್ಲದು. ತಲೆ ಮೇಲೆತ್ತಿದ ಕೂಡಲೇ ಸಿಲಿಂಡರ್ ತಾನಾಗಿ ತುಂಬುವುದೂ ಆಟದಲ್ಲಷ್ಟೇ. ನಿಜಕ್ಕೆ ಕಂಪ್ರೆಸರ್ ಬೇಕು. ಒಂದು ಕಡೆ ಮಾತ್ರ ಆಟ ಸರಿ ಹೇಳುತ್ತದೆ: 100 ಮೀಟರ್ ದಾಟಿದರೆ ಗಾಳಿ ಬೇಗ ಖಾಲಿಯಾಗುತ್ತದೆ, ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಕೊಡುವ ರಿಬ್ರೀದರ್ ಹಾಕಿದರೆ ಆ ತೊಂದರೆ ಇಲ್ಲ.

ಕುಡಿಯುವ ನೀರಿನದ್ದೂ ಹೇಳಿಬಿಡುತ್ತೇನೆ. ಉಪ್ಪು, ಹವಳ ಸೇರಿಸಿ ಬ್ಲೀಚ್ ಮಾಡಿ, ಬ್ಲೀಚಿನಿಂದ ಕುಡಿಯುವ ನೀರು ಮಾಡಿಕೊಳ್ಳುವ ದಾರಿ ಆಟದಲ್ಲಿದೆ. ಬ್ಲೀಚ್ ಕ್ರಿಮಿಯನ್ನು ಕೊಲ್ಲಬಹುದು, ಉಪ್ಪನ್ನು ತೆಗೆಯುವುದಿಲ್ಲ. ಸಮುದ್ರದ ನೀರು ಕುಡಿದರೆ ದಾಹ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ. ಮಕ್ಕಳು ಮನೆಯ ಬ್ಲೀಚ್ ಬಾಟಲಿಯ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಈಗ ಅಕ್ಕನ ಮಗನ ಒಂದು ನಿಮಿಷದ ವಿಷಯ. ಆಟದಲ್ಲಿ 30 ಸೆಕೆಂಡ್ ಉಳಿದಾಗ ಒಂದು ದನಿ ಎಚ್ಚರಿಸುತ್ತದೆ, 10 ಉಳಿದಾಗ ಇನ್ನೊಮ್ಮೆ. ಪೂರ್ತಿ ಮುಗಿದರೂ ಪರದೆ ಮೆಲ್ಲಗೆ ಕಪ್ಪಾಗುತ್ತದೆ, ಅಷ್ಟರಲ್ಲಿ ತಲೆ ಮೇಲೆತ್ತಿದರೆ ಬದುಕುತ್ತೀರಿ. ನಮ್ಮ ದೇಹದಲ್ಲಿ ಇಂಥ ಮೀಟರ್ ಇಲ್ಲ. ‘ಇನ್ನು ಉಸಿರು ತಗೊಳ್ಳಲೇಬೇಕು’ ಎಂಬ ಒತ್ತಡ ಬರುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದರಿಂದ, ಆಕ್ಸಿಜನ್ ಇಳಿಯುವುದರಿಂದಲ್ಲ. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಆಕ್ಸಿಜನ್ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಹಾಗಾಗಿ ಆರಾಮವಾಗಿದ್ದೇನೆ ಅನ್ನಿಸುತ್ತಿರುವಾಗಲೇ ಮಿದುಳಿಗೆ ಆಕ್ಸಿಜನ್ ಸಾಲದೆ ಪ್ರಜ್ಞೆ ತಪ್ಪುತ್ತದೆ. ಕೈಕಾಲು ಬಡಿಯುವುದಿಲ್ಲ, ಕೂಗುವುದಿಲ್ಲ. ಸೊಂಟದಷ್ಟು ನೀರಲ್ಲೂ, ಚೆನ್ನಾಗಿ ಈಜು ಬಲ್ಲವರಿಗೂ ಹೀಗಾಗುತ್ತದೆ. ದಡದಲ್ಲಿರುವವರಿಗೆ ‘ಹುಡುಗ ಉಸಿರು ಕಟ್ಟಿಕೊಂಡು ಆಡುತ್ತಿದ್ದಾನೆ’ ಎಂದೇ ಕಾಣುತ್ತದೆ.

ಇದನ್ನೆಲ್ಲ ಅವನಿಗೆ ಫೋನಿನಲ್ಲಿ ಹೇಳಿದೆ. ಆಟ ನಿಲ್ಲಿಸು ಎನ್ನಲಿಲ್ಲ. ಅಮೆರಿಕದ ರೇಟಿಂಗ್‌ನಲ್ಲಿ ಅದು ಹತ್ತು ದಾಟಿದ ಮಕ್ಕಳು ಆಡಬಹುದಾದ ಆಟವೇ. ಪೂಲಿನಲ್ಲಿ ಉಸಿರು ಕಟ್ಟುವ ಪಂದ್ಯ ಮಾತ್ರ ಬೇಡ, ಗೆಳೆಯರ ಜೊತೆಗೂ ಬೇಡ ಎಂದೆ. ‘ಹಾಗಾದ್ರೆ ಮಂಚದ ಮೇಲೆ ಮಲಗಿಕೊಂಡು ಉಸಿರು ಕಟ್ಟಬಹುದಾ?’ ಎಂದು ಕೇಳಿದ. ಅಮ್ಮ ಪಕ್ಕದಲ್ಲಿದ್ದರೆ ಆಗಬಹುದು, ಆದರೆ ಮೊದಲು ಜೋರಾಗಿ ಉಸಿರೆಳೆಯಬಾರದು ಎಂದೆ. ಸಂಜೆ ಅಕ್ಕ ಸ್ಟಾಪ್‌ವಾಚಿನ ಫೋಟೋ ಕಳಿಸಿದಳು: 38 ಸೆಕೆಂಡ್.