ಹಿಮಸಾಗರದ ಚಿತ್ರಕಾರ

ಕೇಳಿದುದನ್ನು ಕಲ್ಪಿಸಿಕೊಂಡು ಚಿತ್ರಿಸುವ ಕಲಾವಿದರುಂಟು. ಕಣ್ಣಾರೆ ಕಂಡುದನ್ನೇ ಚಿತ್ರಿಸಬೇಕೆಂದು ಕಷ್ಟಗಳಿಗೆ ಮೈಯೊಡ್ಡಿದವರೂ ಉಂಟು. ಅಮೆರಿಕದ ವಿಲಿಯಂ ಬ್ರಾಡ್‌ಫರ್ಡ್ ಈ ಎರಡನೆಯ ಬಗೆಯವನು.

ಬ್ರಾಡ್‌ಫರ್ಡನು 1823ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಫೇರ್‌ಹೇವನ್ ಎಂಬ ಊರಿನಲ್ಲಿ ಜನಿಸಿದನು. ಎದುರು ದಡದಲ್ಲಿದ್ದ ನ್ಯೂ ಬೆಡ್‌ಫರ್ಡ್, ತಿಮಿಂಗಿಲ ಬೇಟೆಯ ಹಡಗುಗಳಿಗೆ ಹೆಸರಾದ ಬಂದರು. ತರುಣನಾದ ಬ್ರಾಡ್‌ಫರ್ಡ್ ಬಟ್ಟೆಬರೆಗಳ ಅಂಗಡಿಯನ್ನಿಟ್ಟನು. ಆದರೆ ಅವನ ಮನಸ್ಸು ಲೆಕ್ಕದ ಪುಸ್ತಕಕ್ಕಿಂತ ಚಿತ್ರದ ಹಾಳೆಯಲ್ಲೇ ನೆಟ್ಟಿತ್ತು. ವ್ಯಾಪಾರ ಮುಳುಗಿತು. ಆಗ ಅವನು ಹಡಗುಗಳ ಚಿತ್ರ ಬರೆದು ಜೀವನ ಸಾಗಿಸತೊಡಗಿದನು. ಹಡಗಿನೊಡೆಯರಿಗೆ ಪ್ರತಿಯೊಂದು ಹಗ್ಗವೂ ಹಾಯಿಯೂ ಇದ್ದಂತೆಯೇ ಮೂಡಬೇಕಾಗಿತ್ತು. ಈ ದುಡಿಮೆಯೇ ಅವನ ಕಣ್ಣಿಗೆ ಶಿಕ್ಷಣವಾಯಿತು. ಡಚ್ ಕಲಾವಿದ ಆಲ್ಬರ್ಟ್ ವಾನ್ ಬೇಸ್ಟ್‌ನ ಒಡನಾಟದಿಂದ ಅಲೆ, ಗಾಳಿ, ಮೋಡಗಳ ಚಿತ್ರಣವೂ ಕೈವಶವಾಯಿತು.

ಉತ್ತರ ಧ್ರುವಪ್ರದೇಶವೆಂದರೆ ಅಂದಿನವರಿಗೆ ಭಯ. 1845ರಲ್ಲಿ ಅಲ್ಲಿಗೆ ಹೊರಟ ಜಾನ್ ಫ್ರಾಂಕ್ಲಿನ್‌ನ ತಂಡದ 129 ಮಂದಿಯಲ್ಲಿ ಒಬ್ಬನೂ ಮರಳಿರಲಿಲ್ಲ. ಆದರೂ ಬ್ರಾಡ್‌ಫರ್ಡನು 1861ರಿಂದ ಮೊದಲ್ಗೊಂಡು ಹಲವು ಬಾರಿ ಲ್ಯಾಬ್ರಡಾರ್ ತೀರಕ್ಕೆ ಹೋಗಿ ಹಿಮಗಡ್ಡೆಗಳನ್ನು ಅಭ್ಯಸಿಸಿದನು. 1869ರಲ್ಲಿ ‘ಪ್ಯಾಂಥರ್’ ಎಂಬ ಉಗಿಹಡಗಿನಲ್ಲಿ ಗ್ರೀನ್‌ಲ್ಯಾಂಡಿನ ಪಶ್ಚಿಮ ತೀರವನ್ನು ಹಿಡಿದು ಮೆಲ್ವಿಲ್ ಕೊಲ್ಲಿಯವರೆಗೆ ಸಾಗಿದನು. ಧ್ರುವಯಾತ್ರಿಕ ಐಸಾಕ್ ಹೇಯ್ಸನೂ ಇಬ್ಬರು ಛಾಯಾಚಿತ್ರಕಾರರೂ ಅವನ ಜೊತೆಗಿದ್ದರು. ಹೊಸ ಜಲಮಾರ್ಗವನ್ನು ಕಂಡುಹಿಡಿಯುವುದಲ್ಲ, ಕಲೆಯೇ ಆ ಯಾತ್ರೆಯ ಗುರಿ.

ಹಿಮದ ನಾಡಿನಲ್ಲಿ ಚಿತ್ರ ಬರೆಯುವುದು ಸುಲಭವಲ್ಲ. ತೇಲುವ ಹಿಮಗಡ್ಡೆಯ ಬಹುಪಾಲು ನೀರಿನಡಿಯಲ್ಲಿರುತ್ತದೆ. ಕರಗಿ ತೂಕ ತಪ್ಪಿದರೆ ಅದು ಒಮ್ಮೆಲೇ ಮಗುಚಿಕೊಳ್ಳುತ್ತದೆ; ಬಳಿಯಲ್ಲಿರುವ ಹಡಗಿಗೆ ಅಪಾಯ. ಬಿಳುಪೆಂದು ತೋರುವ ಹಿಮದಲ್ಲಿ ನೀಲಿ, ಹಸುರು ಛಾಯೆಗಳಿವೆ; ನಡುರಾತ್ರಿಯ ಸೂರ್ಯನ ಬೆಳಕಿನಲ್ಲಿ ಅವು ಹೊಂಬಣ್ಣಕ್ಕೆ ತಿರುಗುತ್ತವೆ. ಅಂದಿನ ಛಾಯಾಚಿತ್ರ ಹಿಮದ ಆಕಾರವನ್ನು ಹಿಡಿಯಬಲ್ಲದಾಗಿತ್ತು, ಬಣ್ಣವನ್ನಲ್ಲ. ಬಣ್ಣಕ್ಕೆ ಕಲಾವಿದನ ಕಣ್ಣೇ ಆಧಾರ. ಊರಿಗೆ ಮರಳಿದ ಮೇಲೆ ಬ್ರಾಡ್‌ಫರ್ಡನು ಎರಡನ್ನೂ ಕೂಡಿಸಿ ದೊಡ್ಡ ವರ್ಣಚಿತ್ರಗಳನ್ನು ರಚಿಸಿದನು.

ಈ ಯಾತ್ರೆಯನ್ನು ವರ್ಣಿಸುವ ‘ದಿ ಆರ್ಕ್ಟಿಕ್ ರೀಜನ್ಸ್’ ಎಂಬ ಗ್ರಂಥ 1873ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನೂರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಅದರ ಪುಟಗಳಿಗೆ ಅಂಟಿಸಲಾಗಿತ್ತು. ವಿಕ್ಟೋರಿಯಾ ರಾಣಿಯೂ ಅವನಿಂದ ಚಿತ್ರವೊಂದನ್ನು ಬರೆಸಿದಳು. 1892ರಲ್ಲಿ ನ್ಯೂಯಾರ್ಕಿನಲ್ಲಿ ಅವನು ಕಾಲವಾದನು.

ಇಂದು ಭೂಮಿಯ ಉಷ್ಣತೆ ಏರುತ್ತಿದೆ; ಗ್ರೀನ್‌ಲ್ಯಾಂಡಿನ ಹಿಮರಾಶಿ ವರ್ಷವರ್ಷವೂ ಕುಗ್ಗುತ್ತಿದೆ. ಅಂದು ಸೌಂದರ್ಯಕ್ಕಾಗಿ ಮಾಡಿದ ಕೆಲಸ ಇಂದು ಸಾಕ್ಷ್ಯವೂ ಆಗಿದೆ. ಕಂಡುದನ್ನು ಕಂಡಂತೆ ದಾಖಲಿಸಿದವನ ಶ್ರಮವು ತಲೆಮಾರುಗಳ ಅನಂತರವೂ ಫಲ ಕೊಡುತ್ತದೆ.