ಒಂದು ಗುರುತಿಗೆ ಒಂದೇ ಅರ್ಥ: ಸಾಫ್ಟ್‌ವೇರ್ ಕೈಪಿಡಿ ಬರೆಯೋರಿಗೆ ಒಂದಿಷ್ಟು ಮಾತು

ಕಾರವಾರದ ಕೋಡಿಬಾಗದಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ವಿಷಯ ಮುಕ್ತ ತಂತ್ರಾಂಶದ ಕೈಪಿಡಿಗಳಲ್ಲಿ ಬರುವ ದಪ್ಪಕ್ಷರ, ಓರೆ ಅಕ್ಷರ, ಬ್ರಾಕೆಟ್ಟುಗಳು. ಇವೆಲ್ಲ ಅಂದಕ್ಕೆ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಅಂದಕ್ಕಲ್ಲ.

ಕಾಳಿ ನದಿ ಕಡಲು ಸೇರೋ ಊರು ನಮ್ಮದು, ಹಾಗಾಗಿ ಕಡಲಿನ ಉದಾಹರಣೆಯನ್ನೇ ಕೊಡ್ತೇನೆ. ಭಾರತದಲ್ಲಿ ಹಡಗು ಬಂದರಿನೊಳಗೆ ಬರುವಾಗ ದಾರಿ ತೋರುವ ಕೆಂಪು ಬೋಯಾ ಎಡಕ್ಕಿರುತ್ತದೆ, ಹಸಿರು ಬಲಕ್ಕೆ. ಅಮೆರಿಕದಲ್ಲಿ ಇದು ಉಲ್ಟಾ. 1976ರ ಹೊತ್ತಿಗೂ ಜಗತ್ತಿನಲ್ಲಿ ಇಂಥ 30ಕ್ಕೂ ಹೆಚ್ಚು ಪದ್ಧತಿಗಳಿದ್ದವು. ಯಾವ ಬಣ್ಣ ಯಾವ ಕಡೆ ಅನ್ನೋದು ದೊಡ್ಡ ವಿಷಯವಲ್ಲ. ಒಂದು ನೀರಿನಲ್ಲಿ ಒಂದೇ ನಿಯಮ ಇರಬೇಕು.

ಕೈಪಿಡಿಯಲ್ಲೂ ಅಷ್ಟೇ. ಓದುವವರ ಪ್ರಶ್ನೆ ಒಂದೇ: ಇದನ್ನು ಇದ್ದ ಹಾಗೇ ಟೈಪ್ ಮಾಡಬೇಕಾ, ಇಲ್ಲಿ ನನ್ನ ಫೈಲಿನ ಹೆಸರು ಹಾಕಬೇಕಾ? ಲಿನಕ್ಸ್‌ನ ಮ್ಯಾನ್ ಪುಟಗಳಲ್ಲಿ ದಪ್ಪಕ್ಷರ ಅಂದರೆ ಇದ್ದ ಹಾಗೇ ಬರೆಯಿರಿ, ಓರೆ ಅಕ್ಷರ ಅಂದರೆ ನಿಮ್ಮದನ್ನು ಹಾಕಿ, ಚೌಕ ಬ್ರಾಕೆಟ್ ಅಂದರೆ ಬೇಕಿದ್ದರೆ ಮಾತ್ರ. ಬೇರೆ ಕೆಲವು ಕೈಪಿಡಿಗಳು ಬದಲಿಸಬೇಕಾದ ಪದವನ್ನು ಗಣಿತದ 'ಚಿಕ್ಕದು', 'ದೊಡ್ಡದು' ಚಿಹ್ನೆಗಳ ನಡುವೆ ಇಡುತ್ತವೆ.

ಇದು ತಪ್ಪಿದರೆ ಏನಾಗುತ್ತದೆ? ಒಂದು ಆದೇಶಕ್ಕೆ ಎರಡು ಫೈಲ್ ಬೇಕು ಅಂತಿಟ್ಟುಕೊಳ್ಳಿ. ಕೈಪಿಡಿ ಮೊದಲನೆಯದನ್ನು ಈ ಚಿಹ್ನೆಗಳ ನಡುವೆ ಬರೆದು, ಎರಡನೆಯದನ್ನು ಬರಿದೇ ಬಿಟ್ಟಿದೆ. ಹೊಸಬರು ಹೆಸರು ಬದಲಿಸಿ, ಚಿಹ್ನೆಗಳನ್ನು ಹಾಗೇ ಟೈಪ್ ಮಾಡ್ತಾರೆ. ಟರ್ಮಿನಲ್‌ಗೆ ಮಾತ್ರ ಅದರ ಅರ್ಥವೇ ಬೇರೆ: ಮೊದಲ ಫೈಲನ್ನು ಓದು, ಬಂದದ್ದನ್ನು ಎರಡನೆಯದಕ್ಕೆ ಬರೆ. ಆದೇಶ ಶುರುವಾಗೋ ಮೊದಲೇ ಎರಡನೇ ಫೈಲ್ ಸಾಮಾನ್ಯವಾಗಿ ಖಾಲಿ! ಎರಡಕ್ಕೂ ಚಿಹ್ನೆ ಇದ್ದಿದ್ದರೆ ಬರೀ ದೋಷದ ಸಂದೇಶ ಬರ್ತಿತ್ತು, ಫೈಲ್ ಉಳೀತಿತ್ತು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ: ವಿಭಕ್ತಿ. ಗ್ನೋಮ್, ಕೆಡಿಇ ಎರಡಕ್ಕೂ ಕನ್ನಡ ಅನುವಾದ ಇದೆ. ಇಂಥ ತಂತ್ರಾಂಶದ ಸಹಾಯ ಪುಟಗಳನ್ನು ಅನುವಾದಿಸುವಾಗ ವಾಕ್ಯದ ಜೊತೆ ಈ ಗುರುತುಗಳೂ ಕಣ್ಣೆದುರಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ಫೈಲಿನ ಹೆಸರು ಒಂಟಿಯಾಗಿ ನಿಲ್ಲುತ್ತದೆ. ನಮ್ಮಲ್ಲಿ ಅದಕ್ಕೆ 'ಅನ್ನು', 'ಅಲ್ಲಿ', 'ಇಂದ' ಅಂಟಿಕೊಳ್ಳುತ್ತದೆ. 'ನೋಟ್ಸ್' ಅನ್ನೋ ಫೈಲ್ 'ನೋಟ್ಸ್‌ನಲ್ಲಿ' ಆಗುತ್ತದೆ. ಗುರುತಿನ ಒಳಗೆ ಆ 'ನಲ್ಲಿ'ಯೂ ಸೇರಿದರೆ ಅದೂ ಹೆಸರಿನ ಭಾಗವೇ ಅಂತ ಓದುಗ ತಿಳೀತಾನೆ. 'ನಲ್ಲಿ' ಬಿಟ್ಟು ಕಾಪಿ ಮಾಡಿದರೂ, ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ, ಝೀರೋ ವಿಡ್ತ್ ನಾನ್ ಜಾಯ್ನರ್, ಅಂಟಿಕೊಂಡು ಬರಬಹುದು. ಆಗ ಫೈಲ್ ಇದ್ದರೂ ಕಂಪ್ಯೂಟರ್ 'ಇಲ್ಲ' ಅನ್ನುತ್ತದೆ.

ಪರಿಹಾರ ಸುಲಭ. ಹೆಸರಿಗೆ ನೇರವಾಗಿ ಏನನ್ನೂ ಅಂಟಿಸಬೇಡಿ. ಹೆಸರು ಗುರುತಿನೊಳಗೆ ಒಂಟಿಯಾಗಿರಲಿ, ಆಮೇಲೆ 'ಎಂಬ ಫೈಲಿನಲ್ಲಿ', 'ಎಂಬ ಆದೇಶದಿಂದ' ಅಂತ ಬರೆಯಿರಿ. ಆಗ ವಿಭಕ್ತಿ ಕನ್ನಡದ ಪದಕ್ಕೆ ಹತ್ತುತ್ತದೆ, ಹೆಸರು ಹೆಸರಾಗೇ ಉಳಿಯುತ್ತದೆ.

ಹೊಸ ಪ್ರಾಜೆಕ್ಟಿಗೆ ಕೈಪಿಡಿ ಬರೆಯೋರು ಮೊದಲ ದಿನವೇ ನಾಲ್ಕು ಸಾಲಿನ ನಿಯಮ ಮಾಡಿಕೊಳ್ಳಿ: ಆದೇಶ, ಫೈಲಿನ ಹೆಸರು, ಪರದೆಯ ಮೇಲಿನ ಬಟನ್, ಬದಲಿಸಬೇಕಾದ ಪದ, ಒಂದೊಂದಕ್ಕೂ ಯಾವ ಗುರುತು? ಆ ನಾಲ್ಕು ಸಾಲನ್ನು ಕೈಪಿಡಿಯ ಮೊದಲ ಪುಟದಲ್ಲೇ ಹಾಕಿ. ನಡುವೆ ಸೇರಿಕೊಳ್ಳೋರಿಗೂ ಅದೇ ನಿಯಮ. ನಿಮ್ಮ ಆಯ್ಕೆ ನನಗೆ ಇಷ್ಟವಾಗದಿದ್ದರೂ ಪರವಾಗಿಲ್ಲ, ಕೊನೇ ಪುಟದವರೆಗೆ ಅದೇ ಇದ್ದರೆ ಸಾಕು.